ಕುರ್ಚಿ ಸರಿಸಿದವನು

ಫೆಬ್ರವರಿ 9, ಭಾನುವಾರ

ಇವತ್ತಿನ ಸಭೆಯಲ್ಲಿ ಆಡಿದ್ದು, ನೆನಪಿರುವಷ್ಟು, ಯಥಾವತ್ತು —

"ಬಂದವರೆಲ್ಲರಿಗೂ ಕೃತಜ್ಞ. ರಜೆಯ ದಿನವನ್ನು ಬಿಟ್ಟು ಬಂದಿದ್ದೀರಿ. ಕೆಲವರು ಎರಡು ಬಸ್ಸು ಬದಲಾಯಿಸಿ ಬಂದಿದ್ದೀರಿ. ಮರೆಯುವುದಿಲ್ಲ. ಆದರೆ ನೀವು ಹೊತ್ತು ತಂದಿರುವ ಸಹಾನುಭೂತಿಯನ್ನು ಸ್ವೀಕರಿಸಲಾರೆ. ಇಟ್ಟುಕೊಳ್ಳಲು ನನ್ನ ಮನೆಯಲ್ಲಿ ಜಾಗವಿಲ್ಲ. ನನ್ನ ಮಗಳು ಇಪ್ಪತ್ತೊಂಬತ್ತು ವರ್ಷ ಬದುಕಿದಳು, ಹನ್ನೊಂದು ದಿನದ ಜ್ವರದಲ್ಲಿ ಹೋದಳು. ಇದರಲ್ಲಿ ವಿವರಿಸಬೇಕಾದದ್ದಿಲ್ಲ, ವಾದಿಸಬೇಕಾದದ್ದೂ ಇಲ್ಲ. ಚಹಾ ಇದೆ. ಕುಡಿದು ಹೋಗಿ."

ಮೂರು ನಿಮಿಷಕ್ಕೂ ಕಡಿಮೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ನಿಮಿಷದ ಗಂಟೆ ಬಾರಿಸುವ ಮೊದಲೇ ಮುಗಿಸಿ ನಾಲ್ಕು ಶೀಲ್ಡ್ ಗೆದ್ದವನು. ಅಭ್ಯಾಸ ಹೋಗಿಲ್ಲ.

ಮೈದುನ ಬಾಗಿಲ ಬಳಿ ಹಿಡಿದುಕೊಂಡ. "ಭಾವ, ನೀವು ಅಳೋದೂ ಇಲ್ಲ, ಅಳೋರನ್ನ ಬಿಡೋದೂ ಇಲ್ಲ. ನಮ್ಮನೆಗೆ ಬಂದ್ಬಿಡಿ."

"ಬರಲ್ಲ."

"ಅಕ್ಕ ಹೋಗಿ ಇಪ್ಪತ್ಮೂರು ವರ್ಷ ಆಯ್ತು. ಈಗ ಇವಳೂ ಇಲ್ಲ. ಒಬ್ರೇ ಇದ್ದು ಏನ್ಮಾಡ್ತೀರಿ? ಗೋಡೆ ಜೊತೆ ಡಿಬೇಟಾ?"

"ಯೋಚಿಸಿ ಹೇಳ್ತೀನಿ."

ಅದು ಇಲ್ಲ ಎಂಬುದರ ಸಭ್ಯ ರೂಪ. ಅವನಿಗೂ ಗೊತ್ತು.

ಫೆಬ್ರವರಿ 13, ಗುರುವಾರ

ಮಗಳ ಸಾಮಾನು ತರಲು ಅವಳು ಕೆಲಸ ಮಾಡುತ್ತಿದ್ದ ಮನೆಗೆ ಹೋದೆ. ಎರಡು ವರ್ಷದಲ್ಲಿ ಮೊದಲ ಸಲ. ಒಂದು ಸೂಟ್‌ಕೇಸು, ಒಂದು ಜೊತೆ ಚಪ್ಪಲಿ, ಉಂಡೆ ಮಾಡಿ ತುರುಕಿದ ಬಟ್ಟೆ. ಮಡಿಸಿ ಗೊತ್ತಿಲ್ಲ ಅವಳಿಗೆ. ಹುಟ್ಟುಗುಣ.

ಮನೆ ಒಬ್ಬ ವೃದ್ಧೆಯದು. ಎಂಬತ್ತೊಂದು. ದೃಷ್ಟಿ ಮಂದವಂತೆ, ಆದರೂ ಕೋಲು ಹಿಡಿಯದೆ ಓಡಾಡುತ್ತಾರೆ. ಮಗ ಬೇರೆ ಬಡಾವಣೆಯಲ್ಲಿದ್ದಾರೆ. ಭಾನುವಾರ ಎರಡು ಗಂಟೆ ಹೊತ್ತು ಬಂದು ಹೋಗುವುದು. ಮಗಳ ಜಾಗಕ್ಕೆ ಏಜೆನ್ಸಿಯಿಂದ ಒಬ್ಬಾಕೆ ಬಂದಿದ್ದಾಳೆ — ಕೂತಲ್ಲಿಂದ ಏಳುವವಳಲ್ಲ, ಈ ತಿಂಗಳಿಗೇ ಹೋಗುತ್ತಾಳೆ.

ಮಗಳು ಈ ಕೆಲಸಕ್ಕೆ ಸೇರಿದ ಹಿಂದಿನ ದಿನದ ವಾದ ನೆನಪಿದೆ. ಪದವಿ ಪಡೆದವಳು ಪರರ ಮನೆಯ ಊಳಿಗಕ್ಕೆ ಹೋಗಕೂಡದು ಎಂಬ ವಿಷಯ. ಹನ್ನೆರಡು ಅಂಶ ಮಂಡಿಸಿದೆ. ಒಂದಕ್ಕೂ ಉತ್ತರವಿರಲಿಲ್ಲ. ಕೊನೆಗೆ ಅವಳು ಎಂದದ್ದು — "ಸರಿ ಅಪ್ಪ, ನೀವೇ ಗೆದ್ರಿ. ನಾಳೆ ಏಳಕ್ಕೆ ಡ್ಯೂಟಿ, ಅಲಾರಂ ಇಡ್ಲಾ?"

ಎದುರಾಳಿಯ ಪಕ್ಷವನ್ನು ತಿಳಿಯದೆ ಗೆದ್ದದ್ದು ಗೆಲುವಲ್ಲ. ಇದನ್ನು ಜೂನಿಯರ್‌ಗಳಿಗೆ ನಾನೇ ಹೇಳಿಕೊಡುತ್ತಿದ್ದೆ.

ಸೂಟ್‌ಕೇಸು ಕೆಳಗಿಟ್ಟೆ. ಈ ಕೆಲಸ ನನಗೆ ಕೊಡಿ ಎಂದೆ.

ಸಾಮಾನು ಒಪ್ಪಿಸಲೆಂದು ಬಂದಿದ್ದ ವೃದ್ಧೆಯ ಮಗ ತಬ್ಬಿಬ್ಬು. "ಸರ್, ಇದು ಬಟ್ಟೆ, ಕಸ, ಮಾತ್ರೆ… ನೀವು ಆಫೀಸರಾಗಿ ರಿಟೈರ್ ಆದೋರು."

"ಮೂವತ್ತೊಂದು ವರ್ಷ ದಾಖಲೆ ವಿಭಾಗದಲ್ಲಿದ್ದೆ. ಒಂದು ಕಾಗದ ಕಳೆದಿಲ್ಲ."

"ಮನೆ ಅಂದ್ರೆ ಕಾಗದ ಅಲ್ವಲ್ಲ ಸರ್."

ಒಳಗಿನಿಂದ ವೃದ್ಧೆಯ ದನಿ: "ಇರ್ಲಿ ಬಿಡೋ. ಬೂಟಿನ ಸದ್ದು ಕೇಳಿದ್ರೇ ಗೊತ್ತಾಗುತ್ತೆ, ಹೇಳಿದ ಹೊತ್ತಿಗೆ ಬರೋ ಆಸಾಮಿ."

ಒಂದು ತಿಂಗಳು ಪರೀಕ್ಷೆಯ ಮೇಲೆ. ಮಾರ್ಚ್ ಮೂರರಿಂದ. ಮೈದುನನಿಗೆ ಹೇಳಿಲ್ಲ.

ಮಾರ್ಚ್ 3, ಸೋಮವಾರ

ಆರೂ ಐವತ್ತಕ್ಕೆ ಹಾಜರು. ಮಗಳ ಕೋಣೆಯೇ ನನಗೆ. ಮಂಚ ಕುಳ್ಳು, ಕಾಲು ಚಾಚಿದರೆ ಕಿಟಕಿಗೆ ತಾಗುತ್ತದೆ. ತೊಂದರೆಯಿಲ್ಲ.

ಕೆಲಸ: ಕಿಟಕಿ ತೆರೆಯುವುದು, ಮಾತ್ರೆ, ಕಣ್ಣಿನ ಹನಿ, ಬಟ್ಟೆ ಒಗೆಯುವುದು, ಇಸ್ತ್ರಿ, ಹನ್ನೊಂದಕ್ಕೆ ಪತ್ರಿಕೆ ಓದಿ ಹೇಳುವುದು. ಅಡುಗೆಯಾಕೆ ತಂಗಿಯ ಹೆರಿಗೆಗೆ ಹೋಗಿದ್ದಾಳೆ, ಶನಿವಾರ ಬರುತ್ತಾಳೆ. ಅಲ್ಲಿಯವರೆಗೆ ಅವಳು ಮಾಡಿಟ್ಟ ಸೂಪು, ಬ್ರೆಡ್ಡು.

ಅಮ್ಮನವರು — ಹಾಗೆಂದೇ ಕರೆಯುತ್ತೇನೆ — ನಾಲ್ಕು ಗಂಟೆಯ ಚಹಾವನ್ನು ತಾವೇ ಬಗ್ಗಿಸಿ, ತಾವೇ ಒಯ್ಯುತ್ತಾರೆ. ಅಡುಗೆಮನೆಯಿಂದ ಉದ್ದನೆಯ ಪಡಸಾಲೆ, ಅದರ ಕೊನೆಯಲ್ಲಿ ಎಡಕ್ಕೆ ತಿರುಗಿ ಮೂರು ಮೆಟ್ಟಿಲು ಇಳಿದರೆ ಕಿಟಕಿಯ ಕೋಣೆ. ಚಹಾ ಕಪ್ಪಿನ ಅಂಚಿನವರೆಗೆ ತುಂಬಿರುತ್ತದೆ. ಸಹಾಯಕ್ಕೆ ಕೈ ಚಾಚಿದೆ.

"ಮುಟ್ಬೇಡಿ. ಇಡೀ ದಿನದಲ್ಲಿ ನಂದು ಅಂತ ಇರೋದು ಇದೊಂದೇ ಕೆಲಸ."

ಹನಿ ಚೆಲ್ಲಲಿಲ್ಲ. ದೃಷ್ಟಿ ಮಂದ ಎಂಬುದು ಉತ್ಪ್ರೇಕ್ಷೆ ಇರಬೇಕು.

ಮನೆ ಮಾತ್ರ ನನ್ನ ಮಗಳ ಮನೆಯೇ, ಅಷ್ಟು ಅಸ್ತವ್ಯಸ್ತ. ಪಡಸಾಲೆಯ ತಿರುವಿನಲ್ಲಿ ಕುರ್ಚಿಯೊಂದು ಗೋಡೆ ಬಿಟ್ಟು ಅರ್ಧ ದಾರಿಗೆ ಚಾಚಿಕೊಂಡಿದೆ. ಮೆಟ್ಟಿಲ ತಲೆಯಲ್ಲಿ ನಾರಿನ ಕಾಲೊರಸು ಸೊಟ್ಟಗೆ. ಸ್ನಾನದ ಮನೆಯ ಬಾಗಿಲ ಹಿಡಿಕೆಗೆ ಗಂಟು ಹಾಕಿದ ಹಳೆಯ ಟವೆಲ್. ಬಾಟಲಿಗಳಿಗೆ ರಬ್ಬರ್ ಬ್ಯಾಂಡು — ಒಂದಕ್ಕೆ ಒಂದು, ಇನ್ನೊಂದಕ್ಕೆ ಮೂರು. ಅಡುಗೆಮನೆಯಲ್ಲಿ ಯಾರೂ ಕೇಳದ ರೇಡಿಯೋ ಬೆಳಗಿನಿಂದ ಸಂಜೆಯವರೆಗೆ ಗೊಣಗುತ್ತದೆ. ಏಜೆನ್ಸಿಯಾಕೆ ಒಂದನ್ನೂ ಮುಟ್ಟಿಲ್ಲ. ಸೋಮಾರಿ.

ನಾಳೆಯಿಂದ ಶಿಸ್ತು.

ಮಾರ್ಚ್ 4, ಮಂಗಳವಾರ

ಸ್ನಾನದ ಮನೆ ಮುಗಿಸಿದೆ. ಟವೆಲ್ ಬಿಚ್ಚಿ ಒಗೆದೆ. ರಬ್ಬರ್ ಬ್ಯಾಂಡುಗಳನ್ನೆಲ್ಲ ತೆಗೆದು ಒಂದು ಡಬ್ಬಿಯಲ್ಲಿ. ಬಾಟಲಿಗಳು ಎತ್ತರದ ಕ್ರಮದಲ್ಲಿ.

ಸಂಜೆ ಅಮ್ಮನವರು ಸ್ನಾನದ ಮನೆಗೆಂದು ಹೊರಟು ಬೀರುವಿನ ಬಾಗಿಲು ತೆರೆದು ನಿಂತರು. ಮರೆವು ಶುರುವಾಗಿರಬಹುದು. ಗಮನಿಸಬೇಕು.

"ಇಲ್ಲೊಂದು ಟವೆಲ್ ಇತ್ತಲ್ಲ?"

"ಒಗೆದು ಹಾಕಿದ್ದೀನಿ."

"ಹಾಂ… ನೀವು ತುಂಬಾ ಚುರುಕು."

ಹೊಗಳಿಕೆ ಎಂದು ತೆಗೆದುಕೊಂಡೆ.

ಮಾರ್ಚ್ 5, ಬುಧವಾರ, ರಾತ್ರಿ 8

ಅಮ್ಮನವರು ಬಿದ್ದರು. ಬಲ ಮಣಿಕಟ್ಟು ಬಿರುಕು ಬಿಟ್ಟಿದೆ. ಆಸ್ಪತ್ರೆ, ಎಕ್ಸ್‌ರೇ, ಪ್ಲಾಸ್ಟರು. ಈಗ ಮಲಗಿದ್ದಾರೆ. ಕ್ರಮವಾಗಿ ಬರೆಯುತ್ತೇನೆ.

ಎರಡರಿಂದ ನಾಲ್ಕು ಅವರ ನಿದ್ದೆ. ಆ ಹೊತ್ತಿನಲ್ಲಿ ಪಡಸಾಲೆಯ ಕೆಲಸ ಹಿಡಿದೆ. ಕುರ್ಚಿಯನ್ನು ಹಿಂದಿನ ಕೋಣೆಗೆ ಸಾಗಿಸಿ, ಕಾಲೊರಸು ತೆಗೆದು ಬಿಸಿಲಿಗೆ ಹಾಕಿ, ನೆಲವನ್ನು ಸೋಪಿನ ನೀರಿನಲ್ಲಿ ಬ್ರಷ್ಷಿನಿಂದ ಉಜ್ಜಿದೆ. ಒಣಬಟ್ಟೆಯಲ್ಲಿ ಎರಡು ಸಲ ಒರೆಸಿದೆ. ರೇಡಿಯೋ ಆರಿಸಿದೆ. ಮನೆಗೆ ಕೊನೆಗೂ ಮೌನ ಬಂತು.

ನಾಲ್ಕಕ್ಕೆ ಎದ್ದು ಚಹಾ ಬಗ್ಗಿಸಿ ಹೊರಟರು. ಪಡಸಾಲೆಯ ನಡುವೆ ನಿಧಾನವಾದರು. ಎಡಗೈ ಗಾಳಿಯಲ್ಲಿ ಏನನ್ನೋ ಹುಡುಕಿತು. ಮತ್ತೆ ಎರಡು ಹೆಜ್ಜೆ… ಮೂರು ಮೆಟ್ಟಿಲನ್ನೂ ಒಟ್ಟಿಗೆ.

ನಾನು ಓಡುವಷ್ಟರಲ್ಲಿ ಅವರು ಕೇಳಿದ್ದು: "ಕಪ್ಪು ಒಡೀತಾ?"

ಮಗ ಆಸ್ಪತ್ರೆಗೆ ಬಂದಾಗ ಅಮ್ಮನವರೇ ಹೇಳಿದರು — ತಲೆ ಸುತ್ತಿತು, ಬಿದ್ದೆ.

ನನ್ನ ಕಡೆಯಿಂದ ಲೋಪವಿಲ್ಲ. ಮೂರು ಸಲ ಪರಿಶೀಲಿಸಿದೆ. ನೆಲ ಒಣಗಿತ್ತು. ಬೆಳಕಿತ್ತು. ದಾರಿಯಲ್ಲಿ ಒಂದೇ ಒಂದು ಅಡ್ಡಿ ಇರಲಿಲ್ಲ.

ಮಾರ್ಚ್ 8, ಶನಿವಾರ

ಅಡುಗೆಯಾಕೆ ಬಂದಳು. ಚೀಲ ಇನ್ನೂ ಹೆಗಲ ಮೇಲೆಯೇ ಇತ್ತು. ಪಡಸಾಲೆಯಲ್ಲಿ ನಿಂತವಳು ಬಾಯಿಗೆ ಸೆರಗು ಹಿಡಿದಳು.

"ಅಣ್ಣಾವ್ರೇ, ಕುರ್ಚಿ ಎಲ್ಲಿ?"

"ಹಿಂದಿನ ಕೋಣೆಯಲ್ಲಿದೆ. ದಾರಿಗೆ ಅಡ್ಡವಿತ್ತು."

"ಅಡ್ಡ ಇರ್ಲಿ ಅಂತಾನೇ ಇಟ್ಟಿದ್ದು! ಕಾಲೊರಸು? ಅಯ್ಯೋ, ರೇಡಿಯೋನೂ ಆರ್ಸಿದೀರಾ… ದೊಡ್ಡಮ್ಮನ ಎರಡು ಕಣ್ಣೂ ಕಿತ್ತು ಒಗೆದು ಒಣಗ್ಹಾಕ್ಬಿಟ್ರಲ್ಲ ನೀವು!"

ಆಮೇಲೆ ದನಿ ತಗ್ಗಿಸಿ, ಅಡುಗೆಮನೆಗೆ ಎಳೆದೊಯ್ದು, ಹೇಳಿದಳು. ಅಮ್ಮನವರಿಗೆ ದೃಷ್ಟಿ ಮಂದವಲ್ಲ. ಹದಿನಾಲ್ಕು ತಿಂಗಳಿಂದ ಪೂರ್ತಿ ಇಲ್ಲ. ಮಗನಿಗೆ ಗೊತ್ತಿಲ್ಲ. ಗೊತ್ತಾದರೆ ಆರೈಕೆ ಕೇಂದ್ರಕ್ಕೆ ಸೇರಿಸುತ್ತಾನೆಂಬ ಭಯ. ಅದಕ್ಕೆ ನನ್ನ ಮಗಳು ಇಡೀ ಮನೆಯನ್ನು ಕೈಗೆ, ಕಾಲಿಗೆ, ಕಿವಿಗೆ ತಿಳಿಯುವಂತೆ ಇಟ್ಟಳು. ಕುರ್ಚಿಯ ಬೆನ್ನು ಕೈಗೆ ಸಿಕ್ಕಿದರೆ ತಿರುವು. ನಾರು ಅಂಗಾಲಿಗೆ ಚುಚ್ಚಿದರೆ ಮೆಟ್ಟಿಲು. ರೇಡಿಯೋ ಬೆನ್ನಿಗಿದ್ದರೆ ಮುಖ ಕಿಟಕಿಗೆ. ಗಂಟಿರುವ ಬಾಗಿಲು ಸ್ನಾನದ್ದು. ನೋಡುವವರಿಗೆ ಯಾರೋ ಒಪ್ಪವಿಲ್ಲದ ಹುಡುಗಿ ಮನೆ ಹರಡಿಕೊಂಡಿದ್ದಾಳೆ ಎಂದು ಮಾತ್ರ ಕಾಣಬೇಕು. ಹಾಗೆಯೇ ಕಂಡಿತು. ನನಗೇ ಕಂಡಿತು.

"ಏಜೆನ್ಸಿಯವಳು ಪುಣ್ಯಾತ್ಗಿತ್ತಿ," ಎಂದಳು ಅಡುಗೆಯಾಕೆ. "ಒಂದು ಕಡ್ಡಿ ಎತ್ತಿಡ್ಲಿಲ್ಲ. ಅದಕ್ಕೇ ದೊಡ್ಡಮ್ಮ ಮೂರು ವಾರ ನೆಟ್ಟಗೆ ನಡೆದ್ರು."

ಬುಧವಾರ ಬರೆದದ್ದನ್ನು ಮತ್ತೆ ಓದಿದೆ. 'ಒಂದೇ ಒಂದು ಅಡ್ಡಿ ಇರಲಿಲ್ಲ.' ಹೊಡೆದು ಹಾಕುವುದಿಲ್ಲ. ದಾಖಲೆ.

ಮಾರ್ಚ್ 9, ಭಾನುವಾರ

ಮಗ, ಸೊಸೆ ಬಂದಿದ್ದರು. ಕೆಟ್ಟವರಲ್ಲ. ಮಗ ತಾಯಿಯ ಪ್ಲಾಸ್ಟರನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು.

"ಅಮ್ಮಾ, ತಲೆ ಸುತ್ತೋದು ಅಂದ್ರೆ ಆಟ ಅಲ್ಲ. ಇವತ್ತು ಮಣಿಕಟ್ಟು, ನಾಳೆ ಸೊಂಟ. ಕೇಂದ್ರದಲ್ಲಾದ್ರೆ ಇಡೀ ದಿನ ನರ್ಸ್ ಇರ್ತಾರೆ, ಮೆಟ್ಟಿಲೇ ಇಲ್ಲ."

"ಮೆಟ್ಟಿಲಿಲ್ಲದ ಕಡೆ ಇಳಿಯೋದೇನು, ಹತ್ತೋದೇನು. ಬರೀ ಮಲಗೋದು."

ಸೊಸೆ: "ಅತ್ತೆ, ನಿಮ್ಮ ಒಳ್ಳೇದಕ್ಕೇ ಅಲ್ವಾ?"

"ನನ್ನ ಒಳ್ಳೇದಕ್ಕೆ ನನ್ನೊಬ್ಬಳನ್ನ ಬಿಟ್ಟು ಎಲ್ರನ್ನೂ ಕೇಳಿದೀರಿ ತಾಯಿ."

ಕೇಂದ್ರದಲ್ಲಿ ಒಂದು ಕೋಣೆ ಖಾಲಿಯಾಗುತ್ತದೆ. ಮುಂದಿನ ಭಾನುವಾರ ಹತ್ತು ಗಂಟೆಗೆ ಅಮ್ಮನವರ ಮಗಳನ್ನೂ ಕರೆತಂದು, ಕೂತು ತೀರ್ಮಾನಿಸಿ, ಫಾರಂಗೆ ಸಹಿ.

ನಾನು ಬಾಗಿಲ ಬಳಿ ಟ್ರೇ ಹಿಡಿದು ನಿಂತಿದ್ದೆ. ಬಾಯಿ ತೆರೆದೆ. ಅಮ್ಮನವರು ಆ ಕ್ಷಣಕ್ಕೇ, ನನ್ನ ದಿಕ್ಕಿಗೆ ಸರಿಯಾಗಿ ಮುಖ ತಿರುಗಿಸಿ — "ಚಹಾ ತಣ್ಣಗಾಗ್ತಿದೆ, ಕೊಡಿ." ನಾಲ್ಕು ಶೀಲ್ಡ್ ಗೆದ್ದ ಬಾಯಿಗೆ ಅಷ್ಟು ಚೊಕ್ಕವಾಗಿ ಬೀಗ ಹಾಕಿದವರು ಇನ್ನೊಬ್ಬರಿಲ್ಲ.

ಮಾರ್ಚ್ 10, ಸೋಮವಾರ

ಪತ್ರಿಕೆ ಓದಲಿಲ್ಲ. ನೇರವಾಗಿ ಕೇಳಿದೆ.

"ತಲೆ ಸುತ್ತು ಅಂತ ಯಾಕೆ ಹೇಳಿದ್ರಿ?"

"ಮತ್ತೇನನ್ಲಿ? ಕಣ್ಣು ಪೂರ್ತಿ ಹೋಗಿದೆ ಅನ್ಲಾ? ಮರುದಿನವೇ ಗಂಟುಮೂಟೆ ಕಟ್ಟಿಸ್ತಾನೆ."

"ಈಗಲೂ ಕಟ್ಟಿಸ್ತಿದ್ದಾರೆ."

"ಅದು ನನ್ನ ಹಣೆಬರಹ. ಕುರ್ಚಿ ಸರಿಸಿದ್ದು ನೀವು ಅಂದ್ರೆ ನಿಮಗೂ ಅವತ್ತೇ ಗೇಟು ತೋರಿಸ್ತಾನೆ."

"ನನಗೆ ಕನಿಕರ ಬೇಡ."

"ಕನಿಕರ ಯಾರಿಗಿದೆ ಸ್ವಾಮಿ? ಈ ಕಾಲದಲ್ಲಿ ಕೆಲಸದೋರು ಸಿಗಲ್ಲ, ಅಷ್ಟೇ."

ನಗಬೇಕಿತ್ತೇನೋ. ನಗಲಿಲ್ಲ. ಅವರೇ ಮುಂದುವರಿಸಿದರು — "ನಿಮ್ಮ ಮಗಳು ಹೇಳ್ತಿದ್ಳು. ನಮ್ಮಪ್ಪನ ಹತ್ರ ಮಾತಲ್ಲಿ ಗೆಲ್ಲಕ್ಕಾಗಲ್ಲ, ಅದಕ್ಕೆ ಮಾತಾಡಲ್ಲ, ಒಂದಿನ ಇಲ್ಲಿಗೆ ಕರ್ಕೊಂಡ್ಬಂದು ತೋರಿಸ್ತೀನಿ ಅಂತ. ಎರಡು ವರ್ಷ ಕಾದ್ಳು, ನೀವು ಬರ್ಲಿಲ್ಲ."

ಪತ್ರಿಕೆಯನ್ನು ನಾಲ್ಕಾಗಿ ಮಡಿಸಿಟ್ಟೆ. ಅವರೇ ಮತ್ತೆ:

"ನನ್ನ ಕಣ್ಣಿನ ವಿಷಯ ಬಾಯಿ ಬಿಡಲ್ಲ ಅಂತ ಮಾತು ಕೊಡಿ."

"ಯೋಚಿಸಿ ಹೇಳ್ತೀನಿ."

ಮಾರ್ಚ್ 12, ಬುಧವಾರ

ಮೊದಲು ಮನೆ ಮೊದಲಿನಂತಾಗಬೇಕು. ಕಾಲೊರಸು, ಟವೆಲ್, ಬ್ಯಾಂಡು, ರೇಡಿಯೋ — ಅಡುಗೆಯಾಕೆಯ ನೆನಪಿನಿಂದ ಆಯಿತು. (ಶಾಂಪೂಗೆ ಮೂರು, ಎಣ್ಣೆಗೆ ಒಂದು.) ಕುರ್ಚಿ ಮಾತ್ರ ಕೂಡಿಬರಲಿಲ್ಲ. ಅಮ್ಮನವರು ನಡೆದು ನೋಡುತ್ತಾರೆ, ತಲೆಯಾಡಿಸುತ್ತಾರೆ. "ಒಂದು ಗೇಣು ಜಾಸ್ತಿ." ಮತ್ತೆ. "ಈಗ ಕಮ್ಮಿ." ಒಂದು ಗೇಣು ತಪ್ಪಿದರೆ ಕಾಲು ಮೆಟ್ಟಿಲ ಅಂಚಿಗೆ ಬೀಳುತ್ತದೆ.

ಮಧ್ಯಾಹ್ನ ಅವರು ಮಲಗಿದ ಮೇಲೆ ಟಾರ್ಚು ಹಿಡಿದು ಮಂಡಿಯೂರಿ ನೆಲ ಹುಡುಕಿದೆ. ಗೋಡೆಯ ಮೂಲೆಯಲ್ಲಿ, ಬ್ರಷ್ಷು ತಲುಪದ ಕಡೆ, ಒಂದು ಪೆನ್ಸಿಲ್ ವೃತ್ತ. ಅಂಗಿಯ ಗುಂಡಿಯಷ್ಟು. ಕುರ್ಚಿಯ ಹಿಂಗಾಲಿನ ಗುರುತು.

ಹಾಗಾದರೆ ಉಳಿದ ಮೂರೂ ಇದ್ದವು. ಸೋಪಿನ ನೀರು, ಗಟ್ಟಿ ಬ್ರಷ್ಷು, ನನ್ನ ಕೈ.

ಆ ಹುಡುಗಿಗೆ ಆರನೆಯ ವಯಸ್ಸಿನಿಂದ ಒಂದೇ ಪಾಠ ಒಪ್ಪಿಸಿದೆ — ತೆಗೆದದ್ದನ್ನು ತೆಗೆದ ಜಾಗದಲ್ಲೇ ಇಡು. ಇಟ್ಟಿದ್ದಳು. ಗುರುತು ಹಾಕಿ ಇಟ್ಟಿದ್ದಳು.

ಬಹಳ ಹೊತ್ತು ಏಳಲಾಗಲಿಲ್ಲ. ಮಂಡಿ ನೋವು.

ಅಡುಗೆಯಾಕೆ ಬಂದು ನೋಡಿ, ತಾನೂ ಕೂತು ಕುರ್ಚಿಯ ಇನ್ನೊಂದು ಕಾಲು ಹಿಡಿದಳು. ಒಂದು ಕಾಲನ್ನು ವೃತ್ತದಲ್ಲಿ ನಿಲ್ಲಿಸಿ ಉಳಿದದ್ದನ್ನು ಬೆರಳಷ್ಟು ಬೆರಳಷ್ಟೇ ತಿರುಗಿಸಿದೆವು. ಅಮ್ಮನವರು ಎದ್ದು ಬಂದರು. ಏಳನೆಯ ಸಲಕ್ಕೆ ಎಡಗೈ ನೇರವಾಗಿ ಬೆನ್ನಿನ ಮೇಲೆ ಕೂತಿತು. "ಹಾಂ. ಬಂದ್ಳು."

ಉಳಿದ ಮೂರು ವೃತ್ತಗಳನ್ನು ನಾನು ಬರೆದೆ. ಮಗಳು ಬರೆದದ್ದರಷ್ಟು ದುಂಡಗಿಲ್ಲ.

ಆ ದಿನದ ಹನ್ನೆರಡು ಅಂಶಗಳನ್ನು ಹಿಂತೆಗೆದುಕೊಂಡಿದ್ದೇನೆ. ಯಾರಿಗೆ ತಿಳಿಸಬೇಕೋ ತಿಳಿಯದು. ಇಲ್ಲಿ ಬರೆದಿಡುತ್ತೇನೆ.

ಮಾರ್ಚ್ 15, ಶನಿವಾರ

ನಾಲ್ಕು ಗಂಟೆ. ಬಲಗೈಯಲ್ಲಿ ಪ್ಲಾಸ್ಟರು. ಎಡಗೈಯಲ್ಲಿ ಕಪ್ಪು, ಅಂಚಿನವರೆಗೆ. ಕುರ್ಚಿಯನ್ನು ಪ್ಲಾಸ್ಟರಿನಿಂದ ಟಕ್ಕೆಂದು ತಟ್ಟಿ ತಿರುಗಿದರು. ನಾರು. ಒಂದು, ಎರಡು, ಮೂರು. ಕಿಟಕಿ.

ಅಡುಗೆಯಾಕೆ ಹಿಂದೆಯೇ ನೆಲಕ್ಕೆ ಬಗ್ಗಿ ಬಂದಳು. "ಹನಿ ಇಲ್ಲ ದೊಡ್ಡಮ್ಮಾ."

"ಹುಡುಕಬೇಡ್ವೇ. ಇದ್ದಿದ್ರೆ ನಂಗೇ ಕೇಳಿಸ್ತಿತ್ತು."

ಮೂರು ದಿನದಿಂದ ಹೀಗೆಯೇ. ಒಮ್ಮೆಯೂ ತಡವರಿಸಿಲ್ಲ.

ರಾತ್ರಿ ಊಟದ ಹೊತ್ತಿಗೆ ಇನ್ನೊಮ್ಮೆ ಕೇಳಿದರು: "ಯೋಚಿಸಿ ಹೇಳ್ತೀನಿ ಅಂದಿದ್ರಿ. ಮಾತು ಕೊಡ್ತೀರಾ?"

"ನಾಳೆ."

"ನಾಳೆ ಅಂದ್ರೆ ಆಗ್ಲೇ ನಾನು ಹೊರಟಿರ್ತೀನಿ ಕಣ್ರೀ," ಎಂದು ನಕ್ಕರು. ಚಮಚ ತಟ್ಟೆಗೆ ತಗುಲಿ ಸಣ್ಣಗೆ ಸದ್ದಾಗುತ್ತಿತ್ತು.

ಮಾರ್ಚ್ 16, ಭಾನುವಾರ, ಬೆಳಿಗ್ಗೆ 9.35

ಹತ್ತಕ್ಕೆ ಬರುತ್ತಾರೆ. ಐದು ಕುರ್ಚಿ ಹಾಕಿದ್ದೇನೆ. ಕಿಟಕಿಯ ಕೋಣೆಯಲ್ಲಿ, ಪಡಸಾಲೆಯಲ್ಲಲ್ಲ.

ಕಣ್ಣಿನ ಡಾಕ್ಟರ ರಿಪೋರ್ಟು ಸಕ್ಕರೆ ಡಬ್ಬದ ಹಿಂದೆ ಇತ್ತು, ನನ್ನ ಮಗಳು ಇಟ್ಟಲ್ಲೇ. ಆಸ್ಪತ್ರೆಯ ಚೀಟಿಯೂ ಇದೆ — ರಕ್ತದೊತ್ತಡ, ಸಕ್ಕರೆ, ಕಿವಿ, ಎಲ್ಲ ಸರಿ. ತಲೆ ಸುತ್ತಿಗೆ ಕಾರಣ ಕಂಡುಬಂದಿಲ್ಲ. ಕಂಡುಬರುವುದಿಲ್ಲ. ಎರಡನ್ನೂ ಜೇಬಿನಲ್ಲಿಟ್ಟುಕೊಂಡಿದ್ದೇನೆ.

ಅಮ್ಮನವರನ್ನು ಕೇಳಿಲ್ಲ. ಕೇಳಿದರೆ ಬೇಡ ಎನ್ನುತ್ತಾರೆ. ಮಾತು ಕೊಟ್ಟಿಲ್ಲವಾದ್ದರಿಂದ ಮಾತು ಮುರಿದಂತಾಗದು — ಇದು ವಕೀಲಿ ಬುದ್ಧಿ, ಗೊತ್ತು. ಅವರು ನನ್ನನ್ನು ಕ್ಷಮಿಸದೆ ಇರಬಹುದು. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದೇನೆ.

"ಏನ್ರೀ ಅದು, ಬೆಳಿಗ್ಗೆಯಿಂದ ಪೆನ್ನಿನ ಸದ್ದು?" — ಒಳಗಿನಿಂದ.

"ಭಾಷಣ ಅಮ್ಮನವರೇ."

"ಯಾರು ಕೇಳ್ತಾರೆ?"

"ಕೇಳಿಸ್ತೀನಿ."

9.50. ಕರಡು. ಮೂರು ನಿಮಿಷ ಮೀರಬಾರದು.

"ಬಂದವರೆಲ್ಲರಿಗೂ ಕೃತಜ್ಞ. ಈ ಮನೆಯಲ್ಲಿ ಕೆಲಸದವನಾದ ನಾನು ಕರೆಯದೆ ಮಾತಾಡುತ್ತಿದ್ದೇನೆ. ಮಗಳನ್ನು ಕಳೆದುಕೊಂಡವನು, ಪಾಪ, ಎಂದು ಯಾರೂ ಸಹಿಸಿಕೊಳ್ಳಬೇಡಿ. ಮಾತನ್ನು ಮಾತಾಗಿ ತೂಗಿ.

"ಅಮ್ಮನವರಿಗೆ ತಲೆ ಸುತ್ತಿಲ್ಲ. ಅವರಿಗೆ ಕಣ್ಣಿಲ್ಲ. ತಲೆ ಸುತ್ತುವವರಿಗೆ ಯಾವ ಮನೆಯೂ ಕ್ಷೇಮವಲ್ಲ, ಒಪ್ಪುತ್ತೇನೆ. ಆದರೆ ಕಣ್ಣಿಲ್ಲದವರಿಗೆ, ಅಂಗಾಲು ಬಲ್ಲ ಮನೆಗಿಂತ ಕ್ಷೇಮವಾದ ಜಾಗ ಇನ್ನೊಂದಿಲ್ಲ. ಆರೈಕೆ ಕೇಂದ್ರಕ್ಕೆ ಒಯ್ದ ದಿನವೇ ಅವರು ನಿಜವಾಗಿ ಕುರುಡರಾಗುತ್ತಾರೆ. ನನ್ನ ಮಗಳು ಒಂದು ವರ್ಷ ಅವರನ್ನು ಬೀಳಗೊಡಲಿಲ್ಲ. ನಾನು ಮೂರನೆಯ ದಿನ ಬೀಳಿಸಿದೆ. ಕುರ್ಚಿ ಸರಿಸಿದವನು ನಾನು. ನಂಬದಿದ್ದರೆ ನಾಲ್ಕು ಗಂಟೆಯವರೆಗೆ ಕೂತಿರಿ. ಒಂದು ಕಪ್ಪು ಚಹಾ ಪಡಸಾಲೆ ದಾಟಿ ಬರುವುದನ್ನು ನೋಡಿ, ಆಮೇಲೆ ಫಾರಂ ತೆಗೆಯಿರಿ.

"ಇದನ್ನು ಹೇಳಲು ಅಮ್ಮನವರ ಅಪ್ಪಣೆಯಿಲ್ಲ. ನಾನೊಬ್ಬನೇ ತೀರ್ಮಾನಿಸಿದ್ದೇನೆ. ಕೆಲಸದಿಂದ ನನ್ನನ್ನು ತೆಗೆಯಿರಿ, ಆಕ್ಷೇಪವಿಲ್ಲ, ಸೂಟ್‌ಕೇಸು ಕಟ್ಟಿಟ್ಟಿದ್ದೇನೆ. ಬರುವವರು ಯಾರೇ ಇರಲಿ, ಬಟ್ಟೆ ಮಡಿಸಲು ಬಾರದಿದ್ದರೂ ಅಡ್ಡಿಯಿಲ್ಲ. ಆದರೆ ಆ ಕುರ್ಚಿಯನ್ನು ಮಾತ್ರ —"

ಗೇಟಿನ ಸದ್ದು. ಎರಡು ಕಾರು. ಬೂಟು ಹಾಕಿಕೊಳ್ಳಬೇಕು.